ಒಂದು ತೋಳು ಗಿಡ್ಡ

ನಮ್ಮಪ್ಪನಿಗೆ ತಲೆಯೊಳಗೆ ಲಕ್ವ ಹೊಡೆದಾಗ ನಾವು ಓಣಿಗೆಲ್ಲ ಪೇಡೆ ಹಂಚಿದೆವು. ಬೈಯುವ ಮೊದಲು ಪೂರ್ತಿ ಕೇಳಿ. ಹಂಚಿಸಿದ್ದು ಡಾಕ್ಟರು.

ಸಿಂಧನೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಶಿವಪ್ರಸಾದ ಸ್ಕ್ಯಾನ್ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಿದುಳಿನ ಎಡಗಡೆ, ಸ್ವಲ್ಪ ಹಿಂದಕ್ಕೆ, ಒಂದು ಕಪ್ಪು ಮಚ್ಚೆ ಇತ್ತು. ಅದನ್ನು ಪೆನ್ನಿನ ತುದಿಯಿಂದ ಕುಟ್ಟಿ, "ನಿಮ್ಮಪ್ಪ ಪುಣ್ಯವಂತರು ನೋಡಮ್ಮ," ಎಂದರು. "ಇದು ಮಾತಿನ ಜಾಗ. ಬ್ಯಾರೆಯವ್ರಿಗೆ ಇಲ್ಲಿ ಬಿದ್ದಿದ್ರ ಎದುರಿನವ್ರು ಏನಂತಾರ ಅಂತನೇ ತಿಳೀತಿದ್ದಿಲ್ಲ. ಇವ್ರಿಗೆ ಹುಟ್ಟಿದಾಗಿಂದ ಕಿವಿನೂ ಇಲ್ಲ, ಮಾತೂ ಇಲ್ಲ. ಕಳಕೊಳ್ಳಾಕ ಏನದ? ಕೈ ಗಟ್ಟಿ ಅದಾವ, ಕಣ್ಣು ಚೆಂದ ಅದಾವ. ಮನಿಗೆ ಕರ್ಕೊಂಡು ಹೋಗ್ರಿ."

ಬೋಳುತಲೆಯವನ ಬಾಚಣಿಗೆ ಕಳೆದ ಹಾಗಾಯಿತಲ್ಲ ಎಂದು ನನಗೂ ಅನ್ನಿಸಿತು. ಸುಳ್ಳೇಕೆ ಹೇಳಲಿ, ನಕ್ಕೆ. ಪೇಡೆಯ ಡಬ್ಬಿ ತಂದವಳೂ ನಾನೇ.

ನನ್ನ ಹೆಸರು ಮೇಘಾ. ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರು ದಾಟಿ ಮುದಗಲ್ಲಿಗೆ ಹೋಗುವ ಬಸ್ಸಿನ ಕಂಡಕ್ಟರ್. ಹಗಲೆಲ್ಲ ಬಸ್ಸಿನಲ್ಲಿ ಗಂಟಲು ಹರಿದುಕೊಳ್ಳುವುದು, ಮನೆಗೆ ಬಂದು ಬಾಯಿ ಮುಚ್ಚಿ ಕೈಯಲ್ಲಿ ಮಾತಾಡುವುದು, ಇದು ನನ್ನ ಬಾಳು. ಅಪ್ಪ ಗಾಳೆಪ್ಪ ಕಿವುಡ, ಅವ್ವ ಅಮರೇಶ್ವರಿ ಕಿವುಡಿ. ಮಸ್ಕಿಯಲ್ಲಿ ಮುಂದೆ ಅಪ್ಪನ ಟೇಲರ್ ಅಂಗಡಿ, ಹಿಂದೆ ನಮ್ಮ ಮನೆ. ನಾನು ಮೊದಲು 'ಹಾಲು ಬೇಕು' ಅಂದದ್ದೇ ಕೈಯಲ್ಲಂತೆ. ಕನ್ನಡ ಬಂದದ್ದು ಆಮೇಲೆ, ಪಕ್ಕದ ಮನೆಯ ಚಾಂದ್‌ಬೀ ಚಾಚಿಯಿಂದ. ಅದಕ್ಕೇ ನನ್ನ ಕನ್ನಡದಲ್ಲಿ ಬೈಗುಳ ಜಾಸ್ತಿ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡಬೇಕು, ಇಲ್ಲದಿದ್ದರೆ ಅವ್ವ ನನ್ನನ್ನು ಬಿಡುವುದಿಲ್ಲ. ಕೈಮಾತು ಬೇರೆ, ಕೈಸನ್ನೆ ಬೇರೆ. ಕೈಸನ್ನೆ ಅಂದರೆ ಕಿವಿಯಿದ್ದವರು ಮಾಡುವುದು. ಹೊಟ್ಟೆ ಬಡಿದುಕೊಂಡರೆ ಹಸಿವೆ, ಹೆಬ್ಬೆರಳು ಬಾಯಿಗಿಟ್ಟರೆ ನೀರು, ಕೆನ್ನೆಗೆ ಅಂಗೈ ಇಟ್ಟರೆ ನಿದ್ದೆ. ಕೈಮಾತು ಅಂದರೆ ಭಾಷೆ. ಅದಕ್ಕೆ ಪದ ಇದೆ, ಪದಗಳನ್ನು ಜೋಡಿಸುವ ರೀತಿ ಇದೆ, ಸುಳ್ಳು ಹೇಳುವ ಸೌಕರ್ಯವೂ ಇದೆ. ಕೈಮಾತಿನ 'ನಾಳೆ'ಯನ್ನು ಕಲಿಯದವನು ನೂರು ಸಲ ನೋಡಿದರೂ ನಾಳೆ ಅಂತ ಗೊತ್ತಾಗುವುದಿಲ್ಲ. ಅಪ್ಪ ಅವ್ವ ಇಬ್ಬರೂ ಹಾಸ್ಟೆಲ್ ಇದ್ದ ಕಿವುಡ ಮಕ್ಕಳ ಶಾಲೆಯಲ್ಲಿ ಅದನ್ನು ಕಲಿತವರು. ಅವ್ವ ಅಲ್ಲಿ ಎಲ್ಲರಿಗಿಂತ ಮುಂದಿದ್ದವಳು, ಆ ಸೊಕ್ಕು ಇನ್ನೂ ಇಳಿದಿಲ್ಲ. ಕೈಸನ್ನೆಗೆ ಅವಳು ಇಟ್ಟ ಹೆಸರು 'ಕೋತಿಯಾಟ'. ನಮ್ಮ ಹೊಸ್ತಿಲೊಳಗೆ ಕೋತಿಯಾಟ ನಡೆಯುವುದಿಲ್ಲ. ಸ್ವಂತ ನಾದಿನಿ ಬಂದು ಹೊಟ್ಟೆ ಬಡಿದು ತೋರಿಸಿದರೂ ಅವ್ವ ಊಟ ಹಾಕುವುದಿಲ್ಲ, 'ಏನು?' ಅಂತ ಕೇಳುತ್ತ ನಿಲ್ಲುತ್ತಾಳೆ.

ಇನ್ನು ಕಿವುಡರ ಜಗಳ. ಸದ್ದಿಲ್ಲದ್ದು ಅಂದುಕೊಂಡಿದ್ದೀರಿ. ಒಂದು ದಿನ ನಮ್ಮ ಮನೆಗೆ ಬನ್ನಿ. ನೆಲ ಗುದ್ದುತ್ತಾರೆ, ಮಂಚ ಗುದ್ದುತ್ತಾರೆ, ಕೊಡ ಉರುಳುತ್ತದೆ. ಆದರೆ ಆ ಜಗಳದಲ್ಲಿ ಒಂದೇ ಒಂದು ಬ್ರಹ್ಮಾಸ್ತ್ರ ಇದೆ. ಎದುರಿನವರ ಮಾತು ಸಾಕಾಯಿತೋ, ಕಣ್ಣು ಮುಚ್ಚಿಕೊಳ್ಳುವುದು. ಅಷ್ಟೇ. ಆಮೇಲೆ ಎದುರಿನವರು ಕೈ ಮುರಿದುಕೊಂಡರೂ ಒಂದು ಪದ ಒಳಗೆ ಹೋಗುವುದಿಲ್ಲ. ಕಿವುಡರಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇಲ್ಲ, ಮುಖಕ್ಕೆ ಉಗುಳಿದರೂ ನಡೆದೀತು.

ಅಪ್ಪ ಆ ಅಸ್ತ್ರ ಬಿಡುತ್ತಿದ್ದುದು ಒಂದೇ ಕಡೆ. ಮದುವೆಯ ಹೊತ್ತಿಗೆ ಅವನು ಅವ್ವನ ಜಂಪರನ್ನು ತಾನೇ ಹೊಲಿದು ಕಳಿಸಿದ್ದನಂತೆ. ಖುಷಿಯಲ್ಲಿ ಎಡದ ತೋಳು ಎರಡು ಬೆರಳು ಗಿಡ್ಡ ಆಗಿತ್ತು. ಅವ್ವ ಅದನ್ನೇ ಹಾಕಿಕೊಂಡು ಅಕ್ಷತೆ ಹಾಕಿಸಿಕೊಂಡಳು, ಫೋಟೋದಲ್ಲೂ ಕಾಣುತ್ತದೆ. ಇಪ್ಪತ್ತಾರು ವರ್ಷದಿಂದ ಯಾವ ಜಗಳ ಎಲ್ಲೇ ಶುರುವಾಗಲಿ, ಉಪ್ಪಿನಲ್ಲಾಗಲಿ ಉಪ್ಪಿನಕಾಯಿಯಲ್ಲಾಗಲಿ, ಕಡೆಗೆ ಆ ತೋಳಿಗೇ ಬಂದು ನಿಲ್ಲುತ್ತದೆ. ತೋಳು ಬಂತೋ, ಅಪ್ಪನ ಕಣ್ಣು ಮುಚ್ಚಿತು.

ಲಕ್ವ ಹೊಡೆಯುವ ಹಿಂದಿನ ದಿನವೂ ಅದೇ ಆಗಿತ್ತು. ಅವ್ವ ಅವನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ, "ಇನ್ನೊಮ್ಮೆ ನನ್ನ ಮುಂದ ಕಣ್ಣು ಮುಚ್ಚಿಕೊಂಡಿ ಅಂದ್ರ ಮುದಗಲ್ಲಿಗೆ ತಮ್ಮನ ಮನಿಗೆ ಹೊಕ್ಕೀನಿ. ತಿರುಗಿ ಬರಂಗಿಲ್ಲ," ಎಂದಿದ್ದಳು. (ಅವ್ವನ ಕೈಮಾತನ್ನು ನಾನು ಬಾಯಿಮಾತಿಗೆ ಇಳಿಸುತ್ತಿದ್ದೇನೆ. ಬೈಗುಳ ಅರ್ಧ ತೆಗೆದಿದ್ದೇನೆ.) ಮರುದಿನ ಬೆಳಿಗ್ಗೆ ಅಪ್ಪ ಮಷಿನ್ ಮುಂದೆ ತಲೆ ಹಿಡಿದುಕೊಂಡು ಕುಸಿದ.

ಮನೆಗೆ ಬಂದ ಮೇಲೆ ಅಪ್ಪ ಚೆನ್ನಾಗಿಯೇ ಇದ್ದ. ಕೈ ನಡುಗಲಿಲ್ಲ, ಕಾಲು ಎಳೆಯಲಿಲ್ಲ. ಹತ್ತು ದಿನಕ್ಕೆ ಅಂಗಡಿ ತೆರೆದ. ಗಿರಾಕಿಗಳು ಅಳತೆಯ ಜಂಪರು ಕೊಟ್ಟು ತೋಳನ್ನು ಇಷ್ಟು ಮೇಲೆ ಅಂತ ಬೆರಳಿಟ್ಟು ತೋರಿಸಿದರೆ, ಅಷ್ಟೇ ಮೇಲೆ ಹೊಲಿದು ಕೊಡುತ್ತಿದ್ದ. ಚಾಂದ್‌ಬೀ ಚಾಚಿ ಬಾಗಿಲಲ್ಲಿ ನಿಂತು ಗಾಳಿಯಲ್ಲೇ ಬಸಿ ಹಿಡಿದು ಸುರ್ರನೆ ಚಹಾ ಹೀರಿದರೆ ನಕ್ಕು ಎದ್ದು ಹೋಗಿ ಚಹಾ ತರುತ್ತಿದ್ದ. ಚಾಚಿಯ ಕೋತಿಯಾಟ ಅಂದರೆ ಸಾಮಾನ್ಯ ಅಲ್ಲ. ಸೊಸೆ ಹೇಗೆ ಫೋನು ಹಿಡಿದು ರೊಟ್ಟಿ ಸುಡುತ್ತಾಳೆ ಅನ್ನುವುದನ್ನು ಮಾಡಿ ತೋರಿಸಿದರೆ ಇಡೀ ಅಂಗಡಿ ಬಿದ್ದು ಬಿದ್ದು ನಗುತ್ತದೆ. ಅಪ್ಪನೂ ನಗುತ್ತಿದ್ದ, ಸರಿಯಾದ ಜಾಗದಲ್ಲೇ.

ಅವ್ವ ಮಾತಾಡಿದರೆ ಮಾತ್ರ ಕೆಟ್ಟಿತು.

'ನಾಳೆ ಮಾತ್ರೆ ಮುಗೀತಾವ, ಹೋಗಿ ತಾ' ಅಂದರೆ ಕೊಡ ತಂದಿಟ್ಟ. 'ನಿಮ್ಮಕ್ಕ ಬರ್ತಾಳಂತ' ಅಂದರೆ ಮುಗುಳ್ನಕ್ಕು ತಲೆಯಾಡಿಸಿದ, ಅಕ್ಕ ಬಂದಾಗ ಹೌಹಾರಿದ. ಅವನೂ ಕೈಯಾಡಿಸುತ್ತಿದ್ದ, ಬೆರಳು ಮೊದಲಿನ ಹಾಗೇ ಚುರುಕು, ಆದರೆ ಬಂದದ್ದೆಲ್ಲ ಕಲಸುಮೇಲೋಗರ. ಒಂದು ಸಲ ಅವ್ವನಿಗೆ ಗಂಭೀರವಾಗಿ ಏನೋ ಹೇಳಿದ. ನನಗೆ ತಿಳಿದಷ್ಟು ಇಷ್ಟು: 'ಎಮ್ಮೆ, ಮೊನ್ನೆ, ಗುಂಡಿ, ಮಾವ, ಗುಂಡಿ.' ಅವ್ವ ತನ್ನನ್ನೇ ಎಮ್ಮೆ ಅಂದ ಅಂತ ತಿಳಿದಳು. ಮಾವ ಯಾರು ಅಂತ ಕೇಳಲಿಲ್ಲ.

ನಾನೇನು ಮಾಡುತ್ತಿದ್ದೆ? ಡ್ಯೂಟಿ ಮಾಡುತ್ತಿದ್ದೆ. ಬಸ್ಸಿನಿಂದ ಇಳಿದು ಬಂದು ಸುಸ್ತಾಗಿ ಅವನಿಗೆ ತಟ್ಟೆ ತೋರಿಸುತ್ತಿದ್ದೆ, ಹಾಸಿಗೆ ತೋರಿಸುತ್ತಿದ್ದೆ. ಅವನು ತಿಳಿದುಕೊಳ್ಳುತ್ತಿದ್ದ. ಅವ್ವನ ದೂರು ಬಂದರೆ, "ತಲಿಗೆ ಪೆಟ್ಟು ಬಿದ್ದೈತಿ, ಸ್ವಲ್ಪ ಮಂಕು ಇರ್ತೈತಿ ಬಿಡಬೇ," ಅನ್ನುತ್ತಿದ್ದೆ.

"ಮಂಕು? ಚಾಂದ್‌ಬೀ ಮುಂದ ಇಲ್ಲದ ಮಂಕು ನನ್ನ ಮುಂದ್ಯಾಕ?" ಎಂದಳು ಅವ್ವ. "ಊರವ್ರದೆಲ್ಲ ಅವಂಗ ತಿಳೀತೈತಿ. ಕೋತಿಯಾಟದವ್ರದೂ ತಿಳೀತೈತಿ. ನನ್ನ ಮಾತು ಒಂದೇ ತಿಳೀವಲ್ದು. ಕಣ್ಣು ಮುಚ್ಚಿಕೊಂಡ್ರ ಹೋಗಿಬಿಡ್ತೀನಿ ಅಂದಿದ್ದೆ ನೋಡು, ಅದಕ್ಕ ಕಣ್ಣು ತೆರಕೊಂಡೇ ಮುಚ್ಚಿಕೊಳ್ಳೋದು ಕಲತಾನ."

ಇದಕ್ಕೆ ನನ್ನ ಹತ್ತಿರ ಇದ್ದದ್ದು ಡಾಕ್ಟರ ಮಾತೊಂದೇ: ಕಳಕೊಳ್ಳಾಕ ಏನದ?

ಆರನೆಯ ವಾರ, ಸೋಮವಾರ ಹನ್ನೊಂದರ ಟ್ರಿಪ್ಪು. ಮಸ್ಕಿಯಲ್ಲಿ ಬಸ್ಸು ನಿಂತಾಗ ಹೆಗಲಿಗೆ ಚೀಲ, ಕೈಯಲ್ಲಿ ಹಳೆಯ ಟ್ರಂಕು ಹಿಡಿದು ಅವ್ವ ಹತ್ತಿದಳು. ನನ್ನ ಮೂಗಿನ ಕೆಳಗೆ ಆಧಾರ್ ಕಾರ್ಡು ಹಿಡಿದು, "ಮುದಗಲ್ಲು," ಎಂದಳು.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಇಪ್ಪತ್ತಾರು ವರ್ಷ ಬಾಳಿದ ಗಂಡನನ್ನು ಬಿಟ್ಟು ಹೋಗುವ ಹೆಂಗಸಿಗೂ ನಾನೇ ಟಿಕೆಟ್ ಹರಿದು ಕೊಡಬೇಕು. ಅವತ್ತು ಆ ಟಿಕೆಟ್ ಮಷಿನ್ ಕರ್ರ್ ಅಂತ ಕಾಗದ ಉಗುಳಿದಾಗ ಅದನ್ನು ಎತ್ತಿ ಕಿಟಕಿಯಿಂದ ಬಿಸಾಡಬೇಕು ಅನ್ನಿಸಿತು.

"ಇಳೀಬೇ, ನಾಟಕ ಮಾಡಬ್ಯಾಡ," ಎಂದೆ, ಮಷಿನ್ನನ್ನು ಕಂಕುಳಲ್ಲಿ ಸಿಗಿಸಿಕೊಂಡು.

"ನಿಮ್ಮಪ್ಪ ಮಾಡೋದು ನಾಟಕ. ನಾ ನೋಡಿ ಸಾಕಾಗಿ ಎದ್ದು ಹೊಂಟೀನಿ."

ಕೈಮಾತಿಗೆ ಬಸ್ಸಿನ ಸದ್ದು ಅಡ್ಡ ಬರುವುದಿಲ್ಲ. ನಾನು ಹಿಂದಿನ ಬಾಗಿಲಲ್ಲಿ, ಅವ್ವ ಡ್ರೈವರ್ ಬೀರಲಿಂಗನ ಹಿಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು, ಇಡೀ ಬಸ್ಸಿನ ಉದ್ದಕ್ಕೆ ಜಗಳ ಆಡಿದೆವು. ಜನ ಒಮ್ಮೆ ನನ್ನ ಕಡೆ, ಒಮ್ಮೆ ಅವಳ ಕಡೆ ಕತ್ತು ತಿರುಗಿಸಿದರು. ಸಂತೆಕಲ್ಲೂರಿನ ಅಜ್ಜಿಯೊಬ್ಬಳು, "ಎಷ್ಟು ಚೆಂದ ಕುಣೀತಾವ ನೋಡ್ರಿ ಕೈಗೋಳು," ಎಂದಳು. ಅವ್ವ ಆಗ ಅಂದದ್ದನ್ನು ಅಜ್ಜಿಗೆ ಹೇಳಿದ್ದರೆ ಅಲ್ಲೇ ಇಳಿದು ಬಿಡುತ್ತಿದ್ದಳು.

"ಆರು ವಾರ!" ಅವ್ವ ಸೀಟಿನ ಬೆನ್ನಿಗೆ ಗುದ್ದಿದಳು. "ಆರು ವಾರ ಆತು, ನನ್ನ ಜೋಡಿ ಒಬ್ರೂ ಮಾತಾಡಿಲ್ಲ. ನೀ ಬಸ್ಸಿನಾಗ ಇರ್ತಿ. ಊರಾಗ ನನ್ನ ಮಾತು ಬರೋದು ಅವನೊಬ್ಬಂಗ. ಅವ ಒಲ್ಲೆ ಅಂದ್ರ ನಾ ಯಾರ ಜೋಡಿ ಮಾತಾಡ್ಲಿ, ಗ್ವಾಡಿ ಜೋಡಿ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಬೀರಲಿಂಗ, "ಮೇಘಕ್ಕಾ, ಬಾಗಿಲದಾಗ ಯಾರೋ ಜೋತಾಡಾಕತ್ತಾನ ನೋಡಬೇ!" ಎಂದು ಒದರಿದ. ನೋಡಿದರೆ ನನ್ನ ಪಕ್ಕದಲ್ಲೇ ಒಬ್ಬ ಮೆಟ್ಟಿಲ ಮೇಲೆ ನಿಂತಿದ್ದ. ಅಕ್ಕಿ ಗಿರಣಿಯ ಕೂಲಿಯವನು, ಒಡಿಶಾ ಕಡೆಯವನು, ಊರಿಗೆ ಬಂದು ನಾಲ್ಕು ದಿನ ಆಗಿರಬೇಕು. ಕೈ ಬೀಸಿ ಒಳಗೆ ಬಾ ಅಂದೆ, ಬಂದ. ಚೀಲವನ್ನು ಸೀಟಿನ ಕೆಳಗೆ ತಳ್ಳು ಎಂದು ಕಾಲಿನಿಂದ ತೋರಿಸಿದೆ, ತಳ್ಳಿದ. ಕಂಬಿ ಹಿಡಿ ಎಂದು ಮುಷ್ಟಿ ತೋರಿಸಿದೆ, ಹಿಡಿದ. ಜಾಣ. ಆಮೇಲೆ ಬಾಯಿ ಬಿಟ್ಟು, "ಎಲ್ಲಿಗಪಾ, ಲಿಂಗಸುಗೂರೋ ಮುದಗಲ್ಲೋ?" ಎಂದೆ.

ಅವನು ನನ್ನ ಬಾಯಿಯನ್ನೇ ದಿಟ್ಟಿಸಿದ. ಮುಗುಳ್ನಕ್ಕ. ತಲೆಯಾಡಿಸಿದ. ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದು ನನ್ನ ಕೈಗೆ ಕೊಟ್ಟ.

ಆ ನಗು ನನಗೆ ಗೊತ್ತಿತ್ತು. ಆರು ವಾರದಿಂದ ನಮ್ಮ ಮನೆಯ ಪಡಸಾಲೆಯಲ್ಲಿ ಅದೇ ನಗು ಕೂತಿತ್ತು. ಭಾಷೆ ಬಾರದ ಊರಿಗೆ ಬಂದು ಬಿದ್ದವನ ನಗು ಅದು. ಏನಂದರೋ ತಿಳಿಯಲಿಲ್ಲ, ಆದರೆ ಬೈಸಿಕೊಳ್ಳುವುದು ಬೇಡ, ನಕ್ಕುಬಿಡೋಣ ಅನ್ನುವ ನಗು. ಇವನಿಗೆ ನನ್ನ ಕೈಸನ್ನೆ ತಿಳಿಯಿತು, ಕನ್ನಡ ತಿಳಿಯಲಿಲ್ಲ. ಅಪ್ಪನಿಗೆ ಚಾಂದ್‌ಬೀ ಚಾಚಿಯ ಕೋತಿಯಾಟ ತಿಳಿಯುತ್ತದೆ, ಅವ್ವನ ಭಾಷೆ ತಿಳಿಯುವುದಿಲ್ಲ. ಕಳಕೊಳ್ಳಾಕ ಏನದ ಅಂದರಲ್ಲ ಡಾಕ್ಟರು. ಆ ಮಾತಿಗೇ ನಾನು ಪೇಡೆ ಹಂಚಿದ್ದೆ.

ಅವನ ಬೆಂಕಿಪೆಟ್ಟಿಗೆ ಹಿಡಿದುಕೊಂಡೇ ಅವ್ವನ ಹತ್ತಿರ ಓಡಿದೆ. ಎಲ್ಲ ಹೇಳಿದೆ. ಅವ್ವ ನಂಬಲಿಲ್ಲ.

"ಲಿಂಗಸುಗೂರಾಗ ಇಳೀಬ್ಯಾಡ," ಎಂದೆ. "ಮುದಗಲ್ಲಾಗೂ ಇಳೀಬ್ಯಾಡ. ಇದೇ ಬಸ್ಸಿಗೆ ತಿರುಗಿ ಬಾ. ನಾಳೆ ರಜಾ ಹಾಕ್ತೀನಿ, ಮೂರೂ ಮಂದಿ ಡಾಕ್ಟ್ರ ಕಡೆ ಹೋಗೂಣು. ಅಪ್ಪ ನಾಟಕ ಮಾಡಾಕತ್ತಾನ ಅಂತ ಆದ್ರ ನಾನೇ ನಿನ್ನ ಟ್ರಂಕು ಹೊತ್ತು ನಿನ್ನ ತಮ್ಮನ ಮನಿಗೆ ಬಿಡ್ತೀನಿ. ನಾನೂ ನಿನ್ನ ಜೋಡಿ ಇರ್ತೀನಿ."

ಅವ್ವ ಟ್ರಂಕನ್ನು ಕಾಲಿನಿಂದ ಸೀಟಿನ ಕೆಳಗೆ ತಳ್ಳಿದಳು. ಆಮೇಲೆ, "ನಾಳೆ ಒಂದಿನ. ಅಷ್ಟೇ," ಎಂದಳು.

ಮರುದಿನ ಡಾಕ್ಟರ್ ಶಿವಪ್ರಸಾದ ನನ್ನ ಮಾತು ಕೇಳಿ ನಕ್ಕರು. "ಬಸ್ಸಿನಾಗ ಎಂಬಿಬಿಎಸ್ ಕಲಿಸ್ತಾರೇನಮ್ಮ?" ಎಂದರು. ಅಪ್ಪನ ಎದುರು ಕುರ್ಚಿ ಎಳೆದುಕೊಂಡು ತಲೆ ಬಾಚಿದ ಹಾಗೆ ಮಾಡಿದರು, ಅಪ್ಪ ಮೇಜಿನ ಮೇಲಿನ ಬಾಚಣಿಗೆ ಎತ್ತಿಕೊಟ್ಟ. ಬರೆದ ಹಾಗೆ ಮಾಡಿದರು, ಪೆನ್ನು ಕೊಟ್ಟ. ಅಂಗೈ ಎತ್ತಿ ನಿಲ್ಲು ಅಂದರು, ನಿಂತ. "ಎಲ್ಲಾ ತಿಳೀತದಲ್ಲ! ಸನ್ನೆ ನೋಡು ಹೆಂಗ ಹಿಡೀತಾರ!"

ಅವ್ವ ನನ್ನ ಕಡೆ ತಿರುಗಿ ಒಂದೇ ಪದ ಅಂದಳು: "ನೋಡ್ದಿ?" ಆಗಲೇ ಚೀಲ ಎತ್ತಿಕೊಂಡಳು.

ನನಗೆ ರೇಗಿತು. "ಸರ, ನಾ ಕೈ ಬೀಸಿದ್ರ ಚೀನಾದವ್ನೂ ಬಸ್ಸು ಹತ್ತತಾನ. ಹಂಗಂತ ಅವಂಗ ಕನ್ನಡ ಬರ್ತೈತೇನ್ರಿ? ನೀವು ಮಾಡಿದ್ದು ಸನ್ನಿ. ನಮ್ಮವ್ವಂದು ಭಾಷೆ. ಆಕಿ ಕೇಳ್ಲಿ, ನೀವು ಬಾಯಿ ಮುಚ್ಚಿಕೊಂಡು ನೋಡ್ರಿ."

ಬಾಯಿ ಮುಚ್ಚಿಕೊಂಡು ಅನ್ನಬಾರದಿತ್ತು. ಕಂಡಕ್ಟರ್ ಬಾಯಿ, ಜಾರಿತು. ಡಾಕ್ಟರ ಮುಖ ಕೆಂಪಾಯಿತು. ಆಗ ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಮೇಡಂ, "ಸರ, ಅವ್ರು ಹೇಳೋದರಾಗ ಅರ್ಥ ಅದರಿ," ಎಂದರು. ಮಾತು ಹೋದವರಿಗೆ ಮಾತು ಕಲಿಸುವ ಅನುಪಮಾ ಮೇಡಂ ಅವರು, ವಾರಕ್ಕೊಂದು ದಿನ ಅಲ್ಲಿಗೆ ಬರುತ್ತಾರೆ. ಅವತ್ತು ಅವರ ದಿನ ಆಗಿದ್ದದ್ದು ನಮ್ಮ ಪುಣ್ಯ, ಈ ಸಲ ನಿಜವಾದ ಪುಣ್ಯ.

ಅವರು ಮೇಜಿನ ಮೇಲೆ ಹತ್ತು ಸಾಮಾನು ಇಟ್ಟರು. ಚಮಚ, ಕತ್ತರಿ, ಬೀಗ, ಗಡಿಯಾರ, ಹೀಗೆ. ಮೊದಲು ತಾವೇ ಒಂದೊಂದನ್ನೂ ಬಳಸುವ ಹಾಗೆ ಮಾಡಿ ತೋರಿಸಿದರು. ಅಪ್ಪ ಹತ್ತಕ್ಕೆ ಹತ್ತು ಮುಟ್ಟಿದ. ಆಮೇಲೆ ನನ್ನ ಮೂಲಕ ಅವ್ವನಿಗೆ, ಅವೇ ಹತ್ತು ಸಾಮಾನುಗಳ ಹೆಸರು ಕೈಮಾತಿನಲ್ಲಿ ಹೇಳಿ ಎಂದರು. ಅವ್ವ ಸೊಕ್ಕಿನಿಂದ, ಶಾಲೆಯಲ್ಲಿ ಪದ್ಯ ಒಪ್ಪಿಸುವಂತೆ, ಅಚ್ಚುಕಟ್ಟಾಗಿ ಹೇಳಿದಳು. ಅಪ್ಪ ಎರಡು ಸರಿ ಮುಟ್ಟಿದ. ಇಪ್ಪತ್ತಾರು ವರ್ಷಕ್ಕೂ ಮೇಲೆ ಕತ್ತರಿ ಹಿಡಿದವನು ಕತ್ತರಿ ಅಂದರೆ ಬೀಗ ಮುಟ್ಟಿದ. ನಮ್ಮ ಊರಿನ ಗುಡ್ಡದ ಮೇಲೆ ಶಾಸನ ನೋಡಲು ಹೋದ ಹಳ್ಳಿಯವರು ಕಲ್ಲನ್ನು ನೋಡುವಂತೆ ಅವ್ವನ ಕೈಯನ್ನು ನೋಡುತ್ತಿದ್ದ. ಅಕ್ಷರ ಅಂತ ಗೊತ್ತು, ಓದಲು ಬಾರದು.

"ಬೇಕಂತ ಮಾಡ್ತಾನ," ಎಂದಳು ಅವ್ವ. ಆದರೆ ಕೈಯಲ್ಲಿ ಮೊದಲಿನ ಜೋರಿರಲಿಲ್ಲ.

ಆಮೇಲೆ ಅವಳೇ ಒಂದು ಕೆಲಸ ಮಾಡಿದಳು, ಯಾರೂ ಹೇಳಲಿಲ್ಲ. ಅಪ್ಪನ ಮುಖ ತನ್ನ ಕಡೆ ತಿರುಗಿಸಿಕೊಂಡು ನನ್ನ ಹೆಸರು ಹೇಳಿದಳು. ಕಿವುಡರ ಮನೆಯಲ್ಲಿ ಎಲ್ಲರಿಗೂ ಒಂದು ಕೈಹೆಸರು ಇರುತ್ತದೆ. ನಾನು ಹುಟ್ಟಿದ ಮೂರನೆಯ ದಿನ ಅಪ್ಪ ನನ್ನ ಎಡಗೆನ್ನೆಯ ಮಚ್ಚೆ ನೋಡಿ ನನಗೆ ಹೆಸರಿಟ್ಟ: ಎಡಗೆನ್ನೆಯ ಮೇಲೆ ಬೆರಳ ತುದಿ ಎರಡು ಸಲ, ಆಮೇಲೆ ಅಂಗೈ ಬಿಚ್ಚುವುದು. ಅದನ್ನು ಇಟ್ಟವನು ಅವನು. ನನಗೆ ಜ್ವರ ಬಂದಾಗ ಸಾವಿರ ಸಲ ಕರೆದವನು ಅವನು. ಅವ್ವ ಆ ಹೆಸರು ಹೇಳಿ, 'ಎಲ್ಲಿದ್ದಾಳೆ?' ಎಂದು ಕೇಳಿದಳು.

ಅಪ್ಪ ಅವ್ವನನ್ನು ನೋಡಿದ. ತಾನೂ ಕೆನ್ನೆ ಮುಟ್ಟಿಕೊಂಡ. ನಕ್ಕ. ಆಮೇಲೆ ಬೆರಳು ಎತ್ತಿ ಡಾಕ್ಟರ್ ಶಿವಪ್ರಸಾದರನ್ನು ತೋರಿಸಿದ.

ಡಾಕ್ಟರು ಫಿಲ್ಮು ಎತ್ತಿಕೊಂಡು ಮತ್ತೆ ಬೆಳಕಿಗೆ ಹಿಡಿದರು. ಅವ್ವನ ಚೀಲ ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು. ನಮ್ಮಪ್ಪ ಎಂಥ ಕಪಟ ಬೇಕಾದರೂ ಮಾಡುತ್ತಾನೆ, ಬೀಡಿ ಸೇದಿ ಇಲ್ಲ ಅನ್ನುತ್ತಾನೆ, ಆದರೆ ನನ್ನ ಹೆಸರಿನಲ್ಲಿ ಮಾಡುವುದಿಲ್ಲ. ಅದು ಅವ್ವನಿಗೆ ಗೊತ್ತು.

"ಮಾತು ಬಾಯಾಗ ಇರಂಗಿಲ್ರಿ ಸರ," ಎಂದರು ಅನುಪಮಾ ಮೇಡಂ, ಮೆಲ್ಲಗೆ. "ಬಾಯಿ ಬರೇ ಬಾಗಿಲು. ಇವ್ರ ಬಾಗಿಲು ಕೈ ಮತ್ತ ಕಣ್ಣು. ಒಳಗಿನ ಮನಿ ನಮಗೂ ಇವ್ರಿಗೂ ಒಂದೇ, ಎಡಗಡೆನೇ ಇರ್ತದ. ಇವ್ರಿಗೆ ಪೆಟ್ಟು ಬಿದ್ದದ್ದು ಆ ಮನಿಗೆ. ಸನ್ನಿ ಇರೋ ಜಾಗ ಬ್ಯಾರೆ, ಅದಕ್ಕ ಅದು ಉಳದದ."

"ತಿರುಗಿ ಬರ್ತೈತೇನ್ರಿ ಮೇಡಮ್ಮರ?" ಎಂದೆ.

"ಒಂದಿಷ್ಟು ಬರಬೋದು. ಎಲ್ಲಾ ಬರ್ತದ ಅಂತ ಸುಳ್ಳು ಹೇಳಂಗಿಲ್ಲ. ದಿನಾ ಮಾತಾಡ್ಸಬೇಕು. ಸುಮ್ನ ಬಿಟ್ರ ಇದ್ದದ್ದೂ ಹೋಗ್ತದ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ನಾ ಪುಣ್ಯವಂತ ಅಂದಿದ್ದೆ," ಎಂದರು. ಒಳ್ಳೆಯ ಮನುಷ್ಯ, ಆದರೆ ಅವತ್ತು ನನಗೆ ಅವರ ಮೇಲೆ ಸಿಟ್ಟು ಇಳಿದಿರಲಿಲ್ಲ. ನನ್ನ ಮೇಲೂ.

ಮನೆಗೆ ಬಂದ ಮೇಲೆ ಅವ್ವ ಕೈಕಾಲು ತೊಳೆದುಕೊಂಡಳು. ಅಪ್ಪನನ್ನು ಮಂಚದ ಮೇಲೆ ಕೂರಿಸಿದಳು. ಬಾಗಿಲು ಮುಂದೆ ಮಾಡಿದಳು, ಚಾಂದ್‌ಬೀ ಚಾಚಿ ನೋಡಬಾರದು ಅಂತ. ಆಮೇಲೆ ಅಪ್ಪನ ಎದುರು ನಿಂತು ಕೋತಿಯಾಟ ಶುರುಮಾಡಿದಳು.

ದೇವರಾಣೆ, ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಅವ್ವನಿಗೆ ಅದು ಬರುತ್ತಲೂ ಇರಲಿಲ್ಲ. ಟ್ರಂಕು ಎತ್ತಿದ ಹಾಗೆ ಮಾಡಿದಳು, ಬಸ್ಸು ಹತ್ತಿದ ಹಾಗೆ ಕುಲುಕಾಡಿದಳು. ಚಾಚಿಯ ಹಾಗೆ ಸೊಂಟಕ್ಕೆ ಕೈಯಿಟ್ಟು ಚಹಾ ಹೀರಿದಳು, ಅಪ್ಪನ ಹಾಗೆ ಹಲ್ಲು ಕಿರಿದಳು. ತನ್ನ ಕೈ ತೋರಿಸಿದಳು, ಅವನ ಕಣ್ಣು ತೋರಿಸಿದಳು, ಕಣ್ಣಿಗೆ ಅಡ್ಡ ಅಂಗೈ ಹಿಡಿದು ಮುಖ ತಿರುವಿದಳು. ಎದೆ ಬಡಿದುಕೊಂಡಳು. ನೀ ನನ್ನ ನೋಡವಲ್ಲಿ ಅಂತ ತಿಳಿದಿದ್ದೆ, ಅಂತ ಅದರ ಅರ್ಥ.

ಅಪ್ಪ ಎದ್ದು ನಿಂತ. ಅವ್ವನ ಎರಡೂ ಕೈ ಹಿಡಿದು ಎತ್ತಿ, ಇವು, ಎಂದು ತೋರಿಸಿದ. ಆಮೇಲೆ ಎರಡೂ ಕೈಯ ಬೆರಳಿನಿಂದ ತನ್ನ ರೆಪ್ಪೆಗಳನ್ನು ಅಗಲಕ್ಕೆ ಹಿಗ್ಗಿಸಿ, ಗುಡ್ಡೆ ಹೊರಗೆ ಬರುವ ಹಾಗೆ ಅವ್ವನ ಕೈಯನ್ನೇ ನೋಡಿದ. ಬಗ್ಗಿ ನೋಡಿದ, ಹತ್ತಿರ ಬಂದು ನೋಡಿದ. ಹಣೆ ಗುದ್ದಿಕೊಂಡ. ಖಾಲಿ ಅಂಗೈ ಚಾಚಿ ತೋರಿಸಿದ. ಏನೂ ಬರುವುದಿಲ್ಲ.

ಆಗ ನಮಗೆ ಇಬ್ಬರಿಗೂ ಹೊಳೆಯಿತು. ಆರು ವಾರದಲ್ಲಿ ಅವ್ವ ಕಡಿಮೆಯೆಂದರೆ ಮೂವತ್ತು ಸಲ ಗಿಡ್ಡ ತೋಳಿನ ಮಾತು ತೆಗೆದಿದ್ದಳು. ಅಪ್ಪ ಒಂದು ಸಲವೂ ಕಣ್ಣು ಮುಚ್ಚಿಕೊಂಡಿರಲಿಲ್ಲ. ಮುಚ್ಚಿಕೊಂಡರೆ ಎಲ್ಲಿ ಒಂದು ಪದ ತಪ್ಪಿ ಹೋದೀತೋ ಎಂದು ಬಿಟ್ಟ ಕಣ್ಣು ಬಿಟ್ಟಂತೆ ಕೂತಿದ್ದ. ಅವ್ವ ನೆಲಕ್ಕೆ ಕುಕ್ಕರಿಸಿ ಅವನ ಮೊಣಕಾಲಿಗೆ ತಲೆಯಿಟ್ಟು ಅತ್ತಳು. ಕಿವುಡರ ಅಳು ಕೇಳುವುದಕ್ಕೆ ಚೆನ್ನಾಗಿರುವುದಿಲ್ಲ, ಎಮ್ಮೆ ಕೂಗಿದ ಹಾಗಿರುತ್ತದೆ. ಚಾಂದ್‌ಬೀ ಚಾಚಿ ಬಾಗಿಲು ನೂಕಿಕೊಂಡು ಓಡಿ ಬಂದಳು.

ಟ್ರಂಕು ಅಟ್ಟಕ್ಕೆ ಹೋಯಿತು. ಮರುದಿನದಿಂದ ಅವ್ವ ಮೇಷ್ಟ್ರಾದಳು. ಕೋತಿಯಾಟದಲ್ಲಿ ಚಮಚ, ಕೈಮಾತಿನಲ್ಲಿ ಚಮಚ, ಮತ್ತೆ ಕೋತಿಯಾಟ, ಮತ್ತೆ ಕೈಮಾತು. ಚಾಚಿಯನ್ನು ಕರೆದು ಕೋತಿಯಾಟದ ಪಾಠ ತಾನು ಹೇಳಿಸಿಕೊಂಡಳು. "ಯಾ ಅಲ್ಲಾ, ಇಪ್ಪತ್ತು ವರ್ಷ ನನ್ನ ಹೊಸ್ತಿಲದಾಗ ನಿಲ್ಲಿಸಿದಾಕಿ ಈಗ ಉಸ್ತಾದ್ ಅಂತಾಳ ನೋಡು ಬೇಟಿ," ಎಂದು ಚಾಚಿ ಉಬ್ಬಿ ಹೋದಳು. ಅಪ್ಪ ಒಂದು ದಿನ ನಾಲ್ಕು ಪದ ಹಿಡಿದರೆ ಮರುದಿನ ಮೂರು ಬಿಡುತ್ತಿದ್ದ. ಅವ್ವ ಬೈಯುತ್ತಿದ್ದಳು. ಬೈಗುಳ ಮಾತ್ರ ಅವಳು ಕೈಮಾತಿನಲ್ಲೇ ಬೈಯುವುದು, ಅದರಲ್ಲಿ ರಾಜಿ ಇಲ್ಲ. ಅವನು ಕಣ್ಣು ಕಿಸಿದುಕೊಂಡು, ತಲೆಯಾಡಿಸಿಕೊಂಡು, ಪೂರ್ತಿ ನೋಡುತ್ತಿದ್ದ. ಒಂದಕ್ಷರ ತಿಳಿಯುತ್ತಿರಲಿಲ್ಲ. ಅವಳ ಕೈ ನಿಂತ ಮೇಲೆ ಆ ಒಡಿಶಾದವನ ನಗು ನಗುತ್ತಿದ್ದ.

ನಾಲ್ಕು ತಿಂಗಳು ಹೀಗೇ ನಡೆಯಿತು. ನನ್ನ ವಾರದ ರಜೆಯ ದಿನ, ಮಧ್ಯಾಹ್ನ. ನಾನು ಅಂಗಡಿಯ ಮೂಲೆಯಲ್ಲಿ ಹುಕ್ಕು ಹಚ್ಚುತ್ತ ಕೂತಿದ್ದೆ. ಅಪ್ಪ ಮಷಿನ್ ಮುಂದೆ ಇದ್ದ. ಅವ್ವನಿಗೆ ಅವತ್ತು ಏನು ರೇಗಿತ್ತೋ, ಚಹಾ ಲೋಟ ಬಟ್ಟೆಯ ಮೇಲಿಟ್ಟಿದ್ದನೋ ಏನೋ, ಎದುರು ನಿಂತು ಶುರುಮಾಡಿದಳು. ಬಟ್ಟೆಯಿಂದ ಚಹಾಕ್ಕೆ, ಚಹಾದಿಂದ ಅವನ ಅಕ್ಕನಿಗೆ, ಅಕ್ಕನಿಂದ ಮದುವೆಗೆ ಬಂದಳು. ಕೋತಿಯಾಟ ಒಂದೂ ಇಲ್ಲ, ಶುದ್ಧ ಹಾಸ್ಟೆಲ್ ಶಾಲೆಯ ಕೈಮಾತು, ಎಕ್ಸ್‌ಪ್ರೆಸ್ ಬಸ್ಸಿನ ವೇಗ. ಅಪ್ಪ ಎಂದಿನಂತೆ ಕಣ್ಣರಳಿಸಿ ನೋಡುತ್ತಿದ್ದ.

ಅವ್ವ ಎಡದ ತೋಳಿಗೆ ಬಂದಳು.

ಅಪ್ಪ ಕಣ್ಣು ಮುಚ್ಚಿಕೊಂಡ.

ಅವ್ವನ ಕೈ ಗಾಳಿಯಲ್ಲೇ ನಿಂತಿತು. ನನ್ನ ಸೂಜಿ ಬೆರಳಿಗೆ ಚುಚ್ಚಿತು. ಧೂಳು ಬಿತ್ತೋ, ತಲೆ ತಿರುಗಿತೋ ಎಂದು ನಾನು ಏಳುವಷ್ಟರಲ್ಲಿ ಅವ್ವ ಅವನ ಭುಜ ತಟ್ಟಿದಳು. ಅಪ್ಪ ಒಂದು ಕಣ್ಣು ತೆರೆದ. ಅವ್ವ, ಪರೀಕ್ಷೆಗೆಂದು, ಆ ಎರಡೇ ಪದ ಮತ್ತೆ ಹೇಳಿದಳು: ತೋಳು, ಗಿಡ್ಡ. ಅಪ್ಪ ತುಟಿ ಬಿಗಿದು, ಗದ್ದ ಎತ್ತಿ, ಆ ಒಂದು ಕಣ್ಣನ್ನೂ ಮುಚ್ಚಿಕೊಂಡ.

ಅವ್ವ ನೆಲ ಗುದ್ದಿದಳು. ಎರಡೂ ಕಾಲಿನಿಂದ ಗುದ್ದಿದಳು. ನನ್ನ ಎರಡೂ ತೋಳು ಹಿಡಿದು ಅಲುಗಾಡಿಸಿ, "ತಿಳೀತು! ಅವಂಗ ತಿಳೀತು! ನನ್ನ ಮಾತು ಕೇಳಾಕ ಒಲ್ಲೆ ಅಂದ!" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಮುಖವೆಲ್ಲ ಒದ್ದೆಯಾಗಿತ್ತು. ನಾನಂತೂ ಅಳುತ್ತಿದ್ದೆ.

ಸದ್ದಿಗೆ ಚಾಂದ್‌ಬೀ ಚಾಚಿ ಓಡಿ ಬಂದಳು. "ಏನಾತಬೇ? ಮತ್ತ ಬಿದ್ನೇನು?"

"ಇಲ್ಲ ಚಾಚಿ," ಎಂದೆ. "ಅಪ್ಪ ಅವ್ವಂಗ ಅವಮಾನ ಮಾಡಿದ."

ಚಾಚಿ ಅವ್ವನನ್ನು ನೋಡಿದಳು, ಮಷಿನ್ ಮುಂದೆ ಕಣ್ಣು ಮುಚ್ಚಿ ಕೂತ ಅಪ್ಪನನ್ನು ನೋಡಿದಳು. "ಹುಚ್ಚರ ಮನಿ," ಎಂದಳು.

ಅವ್ವ ಚಪ್ಪಲಿ ಕೂಡ ಮೆಟ್ಟದೆ ಅಂಗಡಿ ಸಾಲಿಗೆ ಓಡಿದಳು. ಪೇಡೆಯ ಡಬ್ಬಿ ಹಿಡಿದು ತಿರುಗಿ ಬಂದಾಗಲೂ ಅಪ್ಪ ಕಣ್ಣು ತೆರೆದಿರಲಿಲ್ಲ. ವಾಸನೆಗೆ ಬಾಯಿ ಮಾತ್ರ ತೆರೆದ.